‘ಮನೆಯವರೆಲ್ಲ ಹೇಗಿದ್ದಾರೆ?’: ವೊಲೊಫ್ ಭಾಷೆಯ ಕುಶಲ ಪ್ರಶ್ನೆಗಳು

(ನಗರದ ಗ್ರಂಥಾಲಯವೊಂದರ ಓದುಗರ ಬಳಗದಲ್ಲಿ ನಮ್ಮ ವರದಿಗಾರರು ಮಾಡಿದ ಉಪನ್ಯಾಸದ ಬರಹರೂಪ)

ಎಲ್ಲರಿಗೂ ನಮಸ್ಕಾರ.

ಇದನ್ನು ಹೇಳಲು ನನಗೆ ಎರಡು ಸೆಕೆಂಡೂ ಹಿಡಿಯಲಿಲ್ಲ. ನೀವೂ ತಲೆಯಾಡಿಸಿದಿರಿ. ಅಲ್ಲಿಗೆ ಆ ಶಾಸ್ತ್ರ ಮುಗಿಯಿತು, ಇನ್ನು ವಿಷಯಕ್ಕೆ ಬರಬಹುದು. ಆಫ್ರಿಕಾ ಖಂಡದ ಪಶ್ಚಿಮ ತುದಿಯಲ್ಲಿರುವ ಸೆನೆಗಲ್ ದೇಶದ ಒಂದು ಹಳ್ಳಿಯಲ್ಲಿ ಇಷ್ಟು ಬೇಗ ವಿಷಯಕ್ಕೆ ಬಂದಿದ್ದರೆ ನನ್ನನ್ನು ಮನುಷ್ಯರ ನಡುವೆ ಬೆಳೆಯದ ಪ್ರಾಣಿ ಎಂದುಕೊಳ್ಳುತ್ತಿದ್ದರು. ಅಲ್ಲಿ ನಮಸ್ಕಾರವೇ ಮೊದಲ ವಿಷಯ. ಅದು ಮುಗಿಯುವ ತನಕ ಬೇರೆ ವಿಷಯ ಹುಟ್ಟುವುದೇ ಇಲ್ಲ.

ಮೊದಲೇ ಹೇಳಿಬಿಡುತ್ತೇನೆ, ನಾನು ಸೆನೆಗಲ್ ನೋಡಿಲ್ಲ. ಪುಸ್ತಕ, ಸಿನಿಮಾ, ಧ್ವನಿಮುದ್ರಿಕೆಗಳಿಂದ ಸಿಕ್ಕ ತಿಳಿವಳಿಕೆ ಇದು. ನಮ್ಮ ಉತ್ತರ ಕನ್ನಡದ ಸಿದ್ದಿ ಜನರಿಗೂ ಈ ಭಾಷೆಗೂ ಸಂಬಂಧವಿದೆಯೇ ಎಂದು ಕಾರ್ಯಕ್ರಮಕ್ಕೆ ಮುಂಚೆ ಒಬ್ಬರು ಕೇಳಿದರು. ಇಲ್ಲ. ಅವರ ಪೂರ್ವಿಕರು ಬಂದದ್ದು ಆಫ್ರಿಕಾದ ಪೂರ್ವ ಕರಾವಳಿಯ ಕಡೆಯಿಂದ. ವೊಲೊಫ್ ಇರುವುದು ಅಟ್ಲಾಂಟಿಕ್ ಸಾಗರದ ದಂಡೆಯಲ್ಲಿ, ಸೆನೆಗಲ್, ಗಾಂಬಿಯಾ, ಮಾರಿಟೇನಿಯಾ ಈ ಮೂರು ದೇಶಗಳಲ್ಲಿ. 2023ರ ಜನಗಣತಿಯಂತೆ ಸೆನೆಗಲ್‌ನ ಜನಸಂಖ್ಯೆ ಸುಮಾರು 1 ಕೋಟಿ 80 ಲಕ್ಷ. ಅದರಲ್ಲಿ ವೊಲೊಫ್ ಜನಾಂಗಕ್ಕೆ ಸೇರಿದವರು ಶೇಕಡಾ 40ರ ಆಸುಪಾಸು. ಆದರೆ ವೊಲೊಫ್ ಮಾತು ಬಲ್ಲವರು ಶೇಕಡಾ 80ರಷ್ಟು. ಈ ಎರಡು ಅಂಕಿಗಳ ನಡುವಿನ ಅಂತರದಲ್ಲೇ ಒಂದು ಕಥೆಯಿದೆ. ಅದನ್ನು ಆಮೇಲೆ ನೋಡೋಣ.

ಮೊದಲು ಇಬ್ಬರನ್ನು ಎದುರುಬದುರು ನಿಲ್ಲಿಸೋಣ. ಸೆನೆಗಲ್‌ನಲ್ಲಿ ಬಹುಸಂಖ್ಯಾತರು ಮುಸ್ಲಿಮರು. ಆದ್ದರಿಂದ ಮೊದಲ ಮಾತು ಅರಬ್ಬಿಯದು, ‘ಸಲಾಮ್ ಅಲೇಕುಮ್’. ಉತ್ತರ ‘ಮಲೇಕುಮ್ ಸಲಾಮ್’. ಇನ್ನು ಮುಂದಿನದೆಲ್ಲ ವೊಲೊಫ್.

‘ನ ಙ್ಗ ದೆಫ್?’ ಹೇಗಿದ್ದೀಯ? ಪದಶಃ ನೋಡಿದರೆ ‘ಹೇಗೆ ಮಾಡುತ್ತಿದ್ದೀಯ?’

‘ಮಾ ಙ್ಗಿ ಫಿ ರೆಕ್.’ ಇಲ್ಲೇ ಇದ್ದೇನೆ, ಅಷ್ಟೇ.

‘ನಕ ವಾ ಕೆರ್ ಗ?’ ಮನೆಯವರೆಲ್ಲ ಹೇಗಿದ್ದಾರೆ?

‘ಞು ಙ್ಗ ಫ.’ ಅಲ್ಲೇ ಇದ್ದಾರೆ.

‘ಜಾಮ್ ರೆಕ್.’ ನೆಮ್ಮದಿ, ಅಷ್ಟೇ. ‘ಅಲ್‌ಹಮ್ದುಲಿಲ್ಲಾ.’ ದೇವರಿಗೆ ಸ್ತುತಿ.

ಇಲ್ಲಿಗೆ ಮುಗಿಯಿತೆಂದು ತಿಳಿಯಬೇಡಿ. ತಾಯಿ ಹೇಗಿದ್ದಾರೆ, ಮಕ್ಕಳು ಹೇಗಿದ್ದಾರೆ, ಕೆಲಸ ಹೇಗೆ ನಡೆದಿದೆ ಎಂದು ಒಂದೊಂದಾಗಿ ಪ್ರಶ್ನೆಗಳು ಬರುತ್ತವೆ. ಎಲ್ಲಕ್ಕೂ ಉತ್ತರ ಹೆಚ್ಚುಕಡಿಮೆ ಅದೇ, ಅಲ್ಲೇ ಇದ್ದಾರೆ, ನೆಮ್ಮದಿ. ಒಂದು ಸುತ್ತು ಮುಗಿದ ಮೇಲೆ ಮತ್ತೆ ಮೊದಲಿನಿಂದ ‘ನ ಙ್ಗ ದೆಫ್?’ ಎಂದರೂ ಯಾರೂ ಬೇಸರಪಡುವುದಿಲ್ಲ. ಮನೆಯಲ್ಲಿ ಯಾರಿಗೋ ಜ್ವರ ಇದ್ದರೂ ಮೊದಲ ಉತ್ತರ ‘ಜಾಮ್ ರೆಕ್’ ಎಂದೇ. ಜ್ವರದ ಸುದ್ದಿ ಕುಶಲ ಪ್ರಶ್ನೆಯೆಲ್ಲ ಮುಗಿದ ನಂತರ ನಿಧಾನವಾಗಿ ಹೊರಬರುತ್ತದೆ. ಕೆಟ್ಟ ಸುದ್ದಿಯನ್ನು ಮೊದಲ ವಾಕ್ಯದಲ್ಲೇ ಹೇಳಬೇಕೆಂದು ಪತ್ರಿಕೋದ್ಯಮದ ತರಗತಿಯಲ್ಲಿ ನಮಗೆ ಕಲಿಸಿದ್ದರು. ವೊಲೊಫ್ ಮಾತನಾಡುವವರು ನಮ್ಮ ಮೇಷ್ಟರ ಕೈಯಲ್ಲಿ ಪಾಸಾಗುತ್ತಿರಲಿಲ್ಲ.

ನಾನು ಹೇಳಿದ ಮಾತುಗಳಲ್ಲಿ ಙ, ಞ ಅಕ್ಷರಗಳು ಎಷ್ಟು ಸಲ ಬಂದವು ಗಮನಿಸಿದಿರಾ? ಒಂದನೇ ತರಗತಿಯಲ್ಲಿ ಬಾಯಿಪಾಠ ಮಾಡಿದ ಮೇಲೆ ನಾವು ಇವನ್ನು ಮರೆತೇಬಿಡುತ್ತೇವೆ. ನಮ್ಮ ವರ್ಣಮಾಲೆಯಲ್ಲಿ ಕೆಲಸವಿಲ್ಲದೆ ಕೂತಿರುವ ಈ ಎರಡು ಅಕ್ಷರಗಳಿಗೆ ವೊಲೊಫ್‌ನಲ್ಲಿ ಕೈತುಂಬ ಕೆಲಸ. ಫ್ರೆಂಚರು ತಮ್ಮ ಲಿಪಿಯಲ್ಲಿ ಈ ಧ್ವನಿಗಳನ್ನು ಹಿಡಿಯಲು ಪಟ್ಟ ಪಾಡು ನಮಗಿಲ್ಲ. ಒತ್ತಕ್ಷರದ ವಿಷಯವೂ ಹಾಗೆಯೇ. ‘ಗೆಮ್’ ಎಂದರೆ ನಂಬು. ಕೊನೆಯ ವ್ಯಂಜನವನ್ನು ಒತ್ತಿ ‘ಗೆಮ್ಮ್’ ಎಂದರೆ ಕಣ್ಣು ಮುಚ್ಚು. ಒಂದು ಒತ್ತಿನಿಂದ ಅರ್ಥವೇ ಬದಲಾಗುತ್ತದೆ. ಈ ಒತ್ತು ಒಮ್ಮೆ ಒಂದು ದೇಶದ ಸರ್ಕಾರಕ್ಕೇ ತಲೆನೋವಾಯಿತು. ಅದನ್ನೂ ಹೇಳುತ್ತೇನೆ.

ವ್ಯಾಕರಣದ ಒಂದೆರಡು ಸಂಗತಿ ಹೇಳದಿದ್ದರೆ ಈ ಕುಶಲ ಪ್ರಶ್ನೆಗಳ ಸೊಗಸು ತಿಳಿಯುವುದಿಲ್ಲ. ಕನ್ನಡದಲ್ಲಿ ನಾನು ಹೋದೆ, ನೀನು ಹೋದೆ, ಅವಳು ಹೋದಳು ಎಂದು ಕ್ರಿಯಾಪದದ ಬಾಲ ಬದಲಾಗುತ್ತದೆ. ವೊಲೊಫ್‌ನಲ್ಲಿ ಕ್ರಿಯಾಪದ ಕಲ್ಲಿನ ಹಾಗೆ ಇದ್ದಲ್ಲೇ ಇರುತ್ತದೆ. ಪಕ್ಕದ ಸರ್ವನಾಮ ಮಾತ್ರ ಬದಲಾಗುತ್ತದೆ. ‘ದೆಮ್ ನಾ’ ಎಂದರೆ ನಾನು ಹೋದೆ, ‘ದೆಮ್ ಙ್ಗ’ ನೀನು ಹೋದೆ, ‘ದೆಮ್ ನ’ ಅವನು ಹೋದ. ಅವಳು ಹೋದಳು ಎನ್ನುವುದಕ್ಕೂ ಅದೇ ‘ದೆಮ್ ನ’. ಗಂಡು ಹೆಣ್ಣೆಂಬ ಭೇದ ಅಲ್ಲಿಲ್ಲ.

ಭೇದ ಇರುವುದು ಹತ್ತಿರ, ದೂರ ಎಂಬುದರಲ್ಲಿ. ‘ಕೆರ್ ಗಿ’ ಎಂದರೆ ಇಲ್ಲಿ ಹತ್ತಿರದಲ್ಲಿರುವ ಮನೆ. ‘ಕೆರ್ ಗ’ ಎಂದರೆ ಅಲ್ಲಿ ದೂರದಲ್ಲಿರುವ ಮನೆ. ‘ಫಿ’ ಇಲ್ಲಿ, ‘ಫ’ ಅಲ್ಲಿ. ಇಕಾರ ಹತ್ತಿರಕ್ಕೆ, ಅಕಾರ ದೂರಕ್ಕೆ. ಈಗ ಮತ್ತೆ ಆ ಪ್ರಶ್ನೆ ನೋಡಿ, ‘ನಕ ವಾ ಕೆರ್ ಗ?’ ದಾರಿಯಲ್ಲಿ ಸಿಕ್ಕವರು ಕೇಳುತ್ತಿರುವುದು ನೀನು ಬಿಟ್ಟು ಬಂದಿರುವ, ಈಗ ಕಣ್ಣಿಗೆ ಕಾಣದಿರುವ ಮನೆಯ ಬಗ್ಗೆ. ಒಂದು ಸ್ವರದಲ್ಲಿ ಇಷ್ಟೆಲ್ಲ ಅಡಗಿದೆ.

ಹೊತ್ತಿಗೆ ತಕ್ಕ ಮಾತುಗಳೂ ಇವೆ. ಬೆಳಿಗ್ಗೆ ‘ಜಾಮ್ ಙ್ಗ ಫನಾನ್?’, ರಾತ್ರಿಯನ್ನು ನೆಮ್ಮದಿಯಲ್ಲಿ ಕಳೆದೆಯಾ? ಹಗಲು ಕಳೆದ ಮೇಲೆ ‘ಜಾಮ್ ಙ್ಗ ಯೆಂದು?’, ದಿನವನ್ನು ನೆಮ್ಮದಿಯಲ್ಲಿ ಕಳೆದೆಯಾ? ರಾತ್ರಿ ಕಳೆಯುವುದಕ್ಕೆ ಒಂದು ಕ್ರಿಯಾಪದ, ಹಗಲು ಕಳೆಯುವುದಕ್ಕೆ ಇನ್ನೊಂದು. ಕೃತಜ್ಞತೆಗೆ ‘ಜೆರೆಜೆಫ್’. ಅದಕ್ಕೆ ಬರುವ ಉತ್ತರ ನನಗೆ ಬಹಳ ಇಷ್ಟ, ‘ಞೋ ಕೊ ಬೊಕ್’. ಅಂದರೆ ‘ಅದು ನಮ್ಮಿಬ್ಬರಿಗೂ ಸೇರಿದ್ದು’. ಉಪಕಾರ ಮಾಡಿದವನು, ಪಡೆದವನು ಎಂಬ ಏರುಪೇರನ್ನು ಮೂರೇ ಪದಗಳಲ್ಲಿ ಮಟ್ಟ ಮಾಡಿಬಿಡುವ ಉತ್ತರ ಇದು. ಹೌದು ಎನ್ನಲು ‘ವಾವ್’, ಇಲ್ಲ ಎನ್ನಲು ‘ದೇದೇತ್’. ಊಟದ ಹೊತ್ತಿಗೆ ಯಾರ ಮನೆ ಮುಂದೆ ಹಾದರೂ ‘ಕಾಯ್ ಲೆಕ್’, ಬಾ ಊಟ ಮಾಡು ಎಂಬ ಕರೆ ಬರುತ್ತದೆ. ಹೊಟ್ಟೆ ತುಂಬಿದ್ದರೆ ‘ಸೂರ್ ನಾ’ ಎಂದರಾಯಿತು. ಈ ಆತಿಥ್ಯಕ್ಕೆ ‘ತೆರಂಗ’ ಎಂದು ಹೆಸರು. ಸೆನೆಗಲ್‌ನ ಫುಟ್‌ಬಾಲ್ ತಂಡವನ್ನು ತೆರಂಗದ ಸಿಂಹಗಳು ಎಂದು ಕರೆಯುವುದನ್ನು ಕ್ರೀಡಾಪುಟ ಓದುವವರು ಕೇಳಿರಬಹುದು.

ಹೆಸರಿನ ವಿಷಯಕ್ಕೆ ಬರೋಣ. ‘ನಕ ಙ್ಗ ತುಡ್?’ ಎಂದರೆ ನಿನ್ನ ಹೆಸರೇನು? ಅದಕ್ಕಿಂತ ಮುಖ್ಯ ‘ನಕ ಙ್ಗ ಸಂತ್?’, ನಿನ್ನ ಮನೆತನದ ಹೆಸರೇನು? ‘ಸಂತ್’ ಎಂಬ ಪದಕ್ಕೆ ಹೊಗಳು, ದೇವರಿಗೆ ಕೃತಜ್ಞತೆ ಹೇಳು ಎಂಬ ಅರ್ಥವೂ ಇದೆ. ಆದ್ದರಿಂದ ಮನೆತನದ ಹೆಸರು ಹಿಡಿದು ಕರೆಯುವುದೇ ಒಂದು ಗೌರವ. ಇಬ್ಬರು ಭೇಟಿಯಾದಾಗ ಪ್ರಶ್ನೆಗಳ ನಡುನಡುವೆ ‘ಜೋಪ್!’ ‘ಞ್ಜಾಯ್!’ ಎಂದು ಪರಸ್ಪರರ ಮನೆತನದ ಹೆಸರು ಹೇಳುತ್ತಲೇ ಇರುತ್ತಾರೆ. ಹೀಗೆ ಕರೆದಾಗ ಸಿಗುವ ಗೌರವ ಆ ಒಬ್ಬನಿಗಲ್ಲ, ಅವನ ಹಿಂದಿನ ಹಿರಿಯರಿಗೆಲ್ಲ.

ಆದರೆ ಈ ಜೋಪ್ ಮತ್ತು ಞ್ಜಾಯ್ ಮನೆತನದವರ ನಡುವೆ ಒಂದು ತಮಾಷೆಯ ಒಪ್ಪಂದವಿದೆ. ಇವರು ಒಬ್ಬರನ್ನೊಬ್ಬರು ಹೊಟ್ಟೆಬಾಕರೆಂದು ಹೀಯಾಳಿಸಬಹುದು. ‘ನೀವು ಞ್ಜಾಯ್‌ಗಳು ಅನ್ನ ಕಂಡರೆ ಬಿಡುವುದಿಲ್ಲ’ ಎಂದು ಒಬ್ಬ ಅಪರಿಚಿತ ಜೋಪ್ ಇನ್ನೊಬ್ಬ ಅಪರಿಚಿತ ಞ್ಜಾಯ್‌ಗೆ ಹೇಳಬಹುದು, ಅವನು ಸಿಟ್ಟಾಗುವ ಹಾಗಿಲ್ಲ. ಮೀನು ಹಾಕಿ ಮಾಡುವ ಅನ್ನ, ‘ಚೇಬು ಜೆನ್’, ಆ ದೇಶದ ಮುಖ್ಯ ಊಟ. 2021ರಲ್ಲಿ ಯುನೆಸ್ಕೊ ಅದನ್ನು ಪರಂಪರೆಯ ಪಟ್ಟಿಗೆ ಸೇರಿಸಿದೆ. ಆದ್ದರಿಂದ ಅನ್ನದ ಬೈಗುಳಕ್ಕೆ ಅಲ್ಲಿ ವಿಶೇಷ ಬೆಲೆ. ಸೆರೆರ್ ಮತ್ತು ಜೋಲಾ ಜನಾಂಗಗಳ ನಡುವೆಯೂ ಇಂಥದೇ ಹಾಸ್ಯ ಸಂಬಂಧವಿದೆ. ಮೊದಲ ಸಲ ಭೇಟಿಯಾದವರಿಗೂ ನೆಂಟಸ್ತನದ ಸಲುಗೆ ಸಿಕ್ಕಿಬಿಡುವ ವ್ಯವಸ್ಥೆ ಇದು.

ಇಷ್ಟು ಕೇಳಿ, ಎಂಥ ಮುಗ್ಧ, ಸ್ನೇಹಮಯಿ ಜನ ಎಂದು ನೀವು ಅಂದುಕೊಳ್ಳುತ್ತಿರಬಹುದು. ದೂರದ ಜನರ ಬಗ್ಗೆ ಬರೆಯುವಾಗ ನಮ್ಮಂಥವರು ಮಾಡುವ ಉಪಕಾರವೂ ಅದೇ, ಅವರನ್ನು ಮುಗ್ಧರನ್ನಾಗಿ ಮಾಡಿ ಕೈತೊಳೆದುಕೊಳ್ಳುವುದು. ಜುಡಿತ್ ಅರ್ವಿನ್ ಎಂಬ ಅಮೆರಿಕದ ಮಾನವಶಾಸ್ತ್ರಜ್ಞೆ ವೊಲೊಫ್ ಹಳ್ಳಿಯಲ್ಲಿದ್ದು ಅಧ್ಯಯನ ಮಾಡಿ 1974ರಲ್ಲಿ ಪ್ರಕಟಿಸಿದ ಲೇಖನವೊಂದು ಈ ಕುಶಲ ಪ್ರಶ್ನೆಗಳ ಇನ್ನೊಂದು ಮುಖವನ್ನು ತೋರಿಸಿತು. ವೊಲೊಫ್ ಸಮಾಜದಲ್ಲಿ ಸಾಂಪ್ರದಾಯಿಕವಾಗಿ ಮೇಲು ಕೀಳಿನ ಶ್ರೇಣಿಗಳಿವೆ. ಕುಲೀನರು, ಕಮ್ಮಾರರಂಥ ಕಸುಬಿನವರು, ವಂಶಾವಳಿ ಹೇಳಿ ಹೊಗಳುವ ಭಟ್ಟಂಗಿಗಳು, ಹಿಂದೆ ಗುಲಾಮರಾಗಿದ್ದವರ ಸಂತತಿ ಎಂದು ಮದುವೆ ಸಂಬಂಧಗಳೂ ಬೇರೆ ಬೇರೆ. ಕುಶಲ ಪ್ರಶ್ನೆ ಕೇಳುವವನು ಮೊದಲು ನಡೆದು ಬರುತ್ತಾನೆ, ಮೊದಲು ಮಾತಾಡುತ್ತಾನೆ, ಹೆಚ್ಚು ಮಾತಾಡುತ್ತಾನೆ. ಇದೆಲ್ಲ ಕೆಳಗಿನವನ ಲಕ್ಷಣ. ಮೇಲಿನವನು ಕೂತಲ್ಲೇ ಮೆಲುದನಿಯಲ್ಲಿ ಚುಟುಕಾಗಿ ಉತ್ತರಿಸುತ್ತಾನೆ. ಇಬ್ಬರು ಭೇಟಿಯಾದರೆ ಒಬ್ಬನಿಗೆ ಹಿರಿಮೆ, ಇನ್ನೊಬ್ಬನಿಗೆ ನಾಚಿಕೆ ಎಂಬ ಅರ್ಥದ ಗಾದೆಯೊಂದನ್ನು ಆಕೆ ದಾಖಲಿಸಿದ್ದಾರೆ.

ಹಾಗಾದರೆ ಎಲ್ಲರೂ ಮೇಲಿನವರಾಗಲು ಕಾದು ಕೂರಬೇಕಲ್ಲ? ಸ್ವಾರಸ್ಯ ಇರುವುದು ಇಲ್ಲೇ. ಮೇಲಿನವನಾದರೆ ಕೆಳಗಿನವನಿಗೆ ಕೊಡಬೇಕು. ಗೌರವದ ಜೊತೆಗೆ ಖರ್ಚೂ ಅಂಟಿಕೊಂಡು ಬರುತ್ತದೆ. ಆದ್ದರಿಂದ ಜೇಬಿನಲ್ಲಿ ನಾಲ್ಕು ಕಾಸಿರುವ ಜಾಣ ದೂರದಿಂದಲೇ ಓಡಿ ಬಂದು, ತಾನೇ ಮೊದಲು ‘ನ ಙ್ಗ ದೆಫ್?’ ಎಂದು ಶುರು ಮಾಡಿ, ಕೆಳಗಿನ ಪಾತ್ರವನ್ನು ಕಸಿದುಕೊಂಡುಬಿಡುತ್ತಾನೆ. ಈಗ ಎದುರಿನವನು ಹೇಗೆ ಸಾಲ ಕೇಳುತ್ತಾನೆ? ವಿನಯವೂ ಒಂದು ವರಸೆ. ನಾನು ಓದಿದ ಮಟ್ಟಿಗೆ, ನಮಸ್ಕಾರವೆಂಬ ಸಣ್ಣ ಸಂಗತಿಯ ಬಗ್ಗೆ ಇಷ್ಟು ಕಣ್ಣು ತೆರೆಸಿದ ಬರಹ ಇನ್ನೊಂದಿಲ್ಲ.

ಹಣದ ಮಾತು ಬಂದದ್ದರಿಂದ ಸಂತೆಯನ್ನೂ ಒಂದು ಸುತ್ತು ಹಾಕಿ ಬರೋಣ. ‘ಞಾತ?’ ಎಂದರೆ ಎಷ್ಟು. ‘ದಫ ಸೇರ್’, ದುಬಾರಿಯಾಯಿತು. ‘ವಾಞ್ಞಿ ಕೊ’, ಕಡಿಮೆ ಮಾಡು. ಇಷ್ಟು ಬಂದರೆ ಚೌಕಾಸಿ ಮಾಡಬಹುದು, ಆದರೆ ಕುಶಲ ಕೇಳದೆ ನೇರವಾಗಿ ‘ಞಾತ?’ ಎಂದರೆ ಬೆಲೆ ಇಳಿಯುವುದು ಕಷ್ಟ. ಇನ್ನೊಂದು ತೊಡಕು ಎಣಿಕೆಯದು. ಬೆನ್, ಞಾರ್, ಞೆತ್, ಞೆಂತ್, ಜುರೋಮ್ ಎಂದು ಐದರ ತನಕ ಹೋದ ಮೇಲೆ ಆರಕ್ಕೆ ‘ಜುರೋಮ್ ಬೆನ್’, ಅಂದರೆ ಐದು ಒಂದು. ಒಂಬತ್ತು ಎಂದರೆ ಐದು ನಾಲ್ಕು. ಹತ್ತಕ್ಕೆ ‘ಫುಕ್’. ಹಣ ಎಣಿಸುವಾಗಲಂತೂ ಮೂಲಮಾನವೇ ಐದು ಫ್ರಾಂಕ್, ಅದರ ಹೆಸರು ‘ದೆರೆಮ್’. ಮೀನು ಮಾರುವ ಹೆಂಗಸು ‘ತೇಮೇರ್’, ಅಂದರೆ ನೂರು ಎಂದಳೆಂದು ನೂರು ಫ್ರಾಂಕ್ ಚಾಚಿದರೆ ಆಕೆ ನಿಮ್ಮನ್ನು ಮೇಲಿಂದ ಕೆಳಗೆ ನೋಡುತ್ತಾಳೆ. ಆಕೆ ಹೇಳಿದ್ದು ನೂರು ದೆರೆಮ್, ಅಂದರೆ 500 ಫ್ರಾಂಕ್. ಅದೇ ಆಕೆ ಫ್ರೆಂಚ್‌ನಲ್ಲಿ ಹೇಳಿದರೆ 500 ಎಂದೇ ಹೇಳುತ್ತಾಳೆ. ಒಂದೇ ಮೀನು, ಒಂದೇ ಬೆಲೆ, ಭಾಷೆಗೊಂದು ಲೆಕ್ಕ.

ಈಗ ಆ ಎರಡು ಭಾಷೆಗಳ ಸಂಬಂಧಕ್ಕೆ ಬರುತ್ತೇನೆ. ಫ್ರೆಂಚರು ಸೆನೆಗಲ್ ನದಿಯ ಬಾಯಲ್ಲಿ ಕಟ್ಟಿದ ಸೇಂಟ್ ಲೂಯಿ ಪಟ್ಟಣದಲ್ಲಿ 1817ರಲ್ಲಿ ಝಾನ್ ದಾರ್ ಎಂಬ ಉಪಾಧ್ಯಾಯ ಶಾಲೆಯೊಂದನ್ನು ತೆರೆದ. ಮಕ್ಕಳಿಗೆ ಅವರ ಮಾತಿನಲ್ಲೇ, ಅಂದರೆ ವೊಲೊಫ್‌ನಲ್ಲೇ ಮೊದಲು ಕಲಿಸಬೇಕೆಂಬುದು ಅವನ ಪದ್ಧತಿ. ಅದಕ್ಕಾಗಿ ನಿಘಂಟನ್ನೂ ವ್ಯಾಕರಣವನ್ನೂ ಬರೆದ. ಆದರೆ ಪದ್ಧತಿ ಉಳಿಯಲಿಲ್ಲ. ಮುಂದಿನ ಒಂದೂವರೆ ಶತಮಾನ ಶಾಲೆಯೆಂದರೆ ಫ್ರೆಂಚ್ ಎಂದಾಯಿತು. ಅಷ್ಟರಲ್ಲಿ ಹಳ್ಳಿಯ ಧಾರ್ಮಿಕ ಗುರುಗಳು ಅರಬ್ಬಿ ಲಿಪಿಯಲ್ಲೇ ವೊಲೊಫ್ ಬರೆಯುವ ‘ವೊಲೊಫಲ್’ ಪದ್ಧತಿಯಲ್ಲಿ ಪದ್ಯ, ಪತ್ರ, ಲೆಕ್ಕ ಎಲ್ಲವನ್ನೂ ಬರೆಯುತ್ತಿದ್ದರು. ಫ್ರೆಂಚ್ ಓದಲು ಬಾರದವರನ್ನೆಲ್ಲ ಸರ್ಕಾರ ನಿರಕ್ಷರಿಗಳೆಂದು ಎಣಿಸುತ್ತಿದ್ದ ಕಾಲದಲ್ಲಿ ಇವರಲ್ಲನೇಕರು ದಿನವೂ ಬರೆಯುತ್ತಿದ್ದರೆಂಬುದು ಗಮನಾರ್ಹ.

1960ರಲ್ಲಿ ದೇಶ ಸ್ವತಂತ್ರವಾಯಿತು. ಮೊದಲ ರಾಷ್ಟ್ರಾಧ್ಯಕ್ಷ ಲಿಯೊಪೊಲ್ ಸೆಂಗೋರ್ ದೊಡ್ಡ ಕವಿ, ಫ್ರೆಂಚ್ ವ್ಯಾಕರಣದಲ್ಲಿ ಪಂಡಿತ, ಹುಟ್ಟಿನಿಂದ ಸೆರೆರ್. ಅಧಿಕೃತ ಭಾಷೆಯಾಗಿ ಫ್ರೆಂಚ್ ಮುಂದುವರಿಯಿತು. 1971ರಲ್ಲಿ ವೊಲೊಫ್ ಸೇರಿದಂತೆ ಆರು ಭಾಷೆಗಳಿಗೆ ರಾಷ್ಟ್ರೀಯ ಭಾಷೆಗಳೆಂಬ ಹೆಸರು ಸಿಕ್ಕಿತು. ಕಚೇರಿ, ಕೋರ್ಟು ಮಾತ್ರ ಫ್ರೆಂಚಿನಲ್ಲೇ ಉಳಿದವು. ಆ ಕಾಲದಲ್ಲಿ ಇದನ್ನು ಎದುರು ಹಾಕಿಕೊಂಡವರಲ್ಲಿ ಪ್ರಮುಖರು ಉಸ್ಮಾನ್ ಸೆಂಬೆನ್. ಮಾರ್ಸೇಲ್ಸ್ ಬಂದರಿನಲ್ಲಿ ಹಮಾಲಿ ಮಾಡಿ, ಫ್ರೆಂಚ್‌ನಲ್ಲಿ ಕಾದಂಬರಿ ಬರೆದು ಹೆಸರಾದ ಅವರಿಗೆ ತಮ್ಮ ಜನ ತಮ್ಮ ಪುಸ್ತಕ ಓದಲಾರರೆಂಬುದು ಅರಿವಾಯಿತು. ಸಿನಿಮಾ ಕಲಿತರು. 1968ರಲ್ಲಿ ವೊಲೊಫ್ ಮಾತಿನಲ್ಲೇ ‘ಮಂದಾಬಿ’ ಎಂಬ ಚಿತ್ರ ಮಾಡಿದರು. ಮಂದಾಬಿ ಎಂದರೆ ಮನಿಯಾರ್ಡರ್. ಪ್ಯಾರಿಸ್‌ನಲ್ಲಿ ದುಡಿಯುವ ಸೋದರಳಿಯ ಕಳಿಸಿದ ಮನಿಯಾರ್ಡರ್ ಒಂದು ಡಕಾರ್‌ನ ಬಡಾವಣೆಗೆ ಬರುತ್ತದೆ. ಸುದ್ದಿ ಹರಡಿ ನೆರೆಹೊರೆಯವರೆಲ್ಲ ಕುಶಲ ಕೇಳಲು ಬರುತ್ತಾರೆ, ಕುಶಲದ ಬಾಲದಲ್ಲಿ ಸಾಲ ಬರುತ್ತದೆ. ಕಥಾನಾಯಕ ಹಣ ಬಿಡಿಸಿಕೊಳ್ಳಲು ಅಂಚೆ ಕಚೇರಿಗೆ ಹೋದರೆ ಗುರುತಿನ ಚೀಟಿ ಬೇಕು, ಅದಕ್ಕೆ ಜನನ ಪತ್ರ ಬೇಕು, ಫೋಟೊ ಬೇಕು. ಎಲ್ಲ ಕಾಗದವೂ ಅವನಿಗೆ ಓದಲು ಬಾರದ ಫ್ರೆಂಚ್‌ನಲ್ಲಿ. ದಿನವಿಡೀ ‘ನ ಙ್ಗ ದೆಫ್’ ಎಂದು ಮರ್ಯಾದೆಯಿಂದ ಬದುಕುವ ಮನುಷ್ಯ ಕಿಟಕಿಯ ಮುಂದೆ ನಿಂತ ಕೂಡಲೇ ಮೂಕನಾಗುತ್ತಾನೆ. ಕೊನೆಗೆ ಓದಿದ ನೆಂಟನೇ ಅವನ ಹಣ ನುಂಗುತ್ತಾನೆ.

ಒತ್ತಕ್ಷರದ ಕಥೆಗೂ ಇದೇ ಸೆಂಬೆನ್ ನಾಯಕರು. 1977ರಲ್ಲಿ ಅವರು ‘ಚೆಡ್ಡೊ’ ಎಂಬ ಚಿತ್ರ ಮಾಡಿದರು. ಹೆಸರಿನಲ್ಲಿ ಎರಡು ಡಕಾರ. ವ್ಯಾಕರಣ ಪಂಡಿತರಾದ ಸೆಂಗೋರ್ ಅವರ ಪ್ರಕಾರ ಅಲ್ಲಿ ಒಂದೇ ಡಕಾರ ಇರಬೇಕು, ‘ಚೆಡೊ’. ಸೆಂಬೆನ್ ಒತ್ತು ತೆಗೆಯಲು ಒಪ್ಪಲಿಲ್ಲ. ಚಿತ್ರ ನಿಷೇಧಕ್ಕೆ ಒಳಗಾಯಿತು. ಧರ್ಮಾಂತರದ ವಿರುದ್ಧ ಬಂಡೆದ್ದವರ ಕಥೆಯಾದ್ದರಿಂದ ನಿಜವಾದ ಕಾರಣ ಅದೇ ಇರಬೇಕೆಂದು ಹಲವರು ಹೇಳಿದರು. ನನಗೂ ಹಾಗೆಯೇ ಅನ್ನಿಸುತ್ತದೆ. ಆದರೂ ಒಂದು ಅಕ್ಷರದ ಒತ್ತು ಸರ್ಕಾರಿ ಕಾರಣವಾಗಬಲ್ಲದು ಎಂದರೆ, ಆ ಭಾಷೆಯನ್ನು ಯಾರು, ಹೇಗೆ ಬರೆಯಬೇಕೆಂಬ ಪ್ರಶ್ನೆ ಎಷ್ಟು ಬಿಸಿಯಾಗಿತ್ತು ಎಂಬುದು ತಿಳಿಯುತ್ತದೆ. ಭಾಷೆಗೆ ಆಧುನಿಕ ವಿಚಾರ ಹೇಳುವ ಶಕ್ತಿಯಿಲ್ಲ ಎಂದವರಿಗೆ ಇತಿಹಾಸಕಾರ ಶೇಖ್ ಅಂತ ಜೋಪ್ ಐನ್‌ಸ್ಟೈನ್‌ರ ಸಾಪೇಕ್ಷ ಸಿದ್ಧಾಂತದ ಭಾಗವನ್ನು ವೊಲೊಫ್‌ಗೆ ಅನುವಾದಿಸಿ ತೋರಿಸಿದ್ದರು. ಡಕಾರ್ ವಿಶ್ವವಿದ್ಯಾಲಯಕ್ಕೆ ಈಗ ಅವರದೇ ಹೆಸರು.

ಈಗಲೂ ಅಧಿಕೃತ ಭಾಷೆ ಫ್ರೆಂಚ್. ರೇಡಿಯೊ, ಟಿವಿ, ಚುನಾವಣಾ ಭಾಷಣ, ಹಾಡು ಎಲ್ಲ ವೊಲೊಫ್. 2014ರಿಂದ ಸಂಸತ್ತಿನಲ್ಲಿ ರಾಷ್ಟ್ರೀಯ ಭಾಷೆಗಳಿಗೆ ಅನುವಾದದ ವ್ಯವಸ್ಥೆಯಿದೆ. ಡಕಾರ್‌ನ ಹುಡುಗರ ಮಾತಿನಲ್ಲಿ ‘ನ ಙ್ಗ ದೆಫ್’ ಹಿಂದೆಯೇ ಫ್ರೆಂಚಿನ ‘ಸಾ ವಾ?’ ಬರುತ್ತದೆ, ಗಾಂಬಿಯಾದಲ್ಲಾದರೆ ಇಂಗ್ಲಿಷ್ ನುಸುಳುತ್ತದೆ. ಇದನ್ನೆಲ್ಲ ವೊಲೊಫ್‌ನ ವಿಜಯಯಾತ್ರೆ ಎಂದು ಹಿಗ್ಗುವ ಮುನ್ನ ಪುಲಾರ್ ಮಾತಾಡುವವರನ್ನೋ ಸೆರೆರ್ ಜನರನ್ನೋ ಕೇಳಬೇಕು. ತಮ್ಮ ಮಕ್ಕಳು ಪೇಟೆಗೆ ಹೋಗಿ ಮನೆಮಾತು ಮರೆತು ವೊಲೊಫ್ ಆಡುತ್ತಾರೆಂಬ ಕಸಿವಿಸಿ ಅವರಿಗಿದೆ. ಆಗಲೇ ಹೇಳಿದ ಶೇಕಡಾ 40 ಮತ್ತು 80ರ ಅಂತರದಲ್ಲಿರುವುದು ಇವರೇ. ಫ್ರೆಂಚ್ ಎದುರು ಬಡವಾದ ಭಾಷೆ ಇನ್ನೊಂದರ ಎದುರು ದೊರೆಯಾಗಿ ಕಾಣುತ್ತದೆ.

ಕೊನೆಯದಾಗಿ ಒಂದು ದಿನಬಳಕೆಯ ಮಾತು. ಇದು ಕುಶಲ ಪ್ರಶ್ನೆಯಲ್ಲ. ‘ಬಾರ್ಸಾ ವಲ ಬರ್ಸಾಖ್.’ ಬಾರ್ಸಾ ಎಂದರೆ ಬಾರ್ಸಿಲೋನಾ. ಬರ್ಸಾಖ್ ಎಂದರೆ ಸತ್ತವರು ಅಂತಿಮ ತೀರ್ಪಿಗಾಗಿ ಕಾಯುವ ಲೋಕ. ಬಾರ್ಸಿಲೋನಾ ಸೇರುತ್ತೇನೆ ಇಲ್ಲವೇ ಸಾಯುತ್ತೇನೆ ಎಂದು ಇದರ ಅರ್ಥ. ಮೀನು ಹಿಡಿಯುವ ಮರದ ದೋಣಿಗಳಲ್ಲಿ ಅಟ್ಲಾಂಟಿಕ್ ಸಾಗರಕ್ಕಿಳಿದು ಸ್ಪೇನ್‌ಗೆ ಸೇರಿದ ಕೆನರಿ ದ್ವೀಪಗಳತ್ತ ಹೊರಡುವ ಯುವಕರ ಮಾತಿದು. 2006ರಲ್ಲಿ ಆ ದ್ವೀಪಗಳಿಗೆ ಹೀಗೆ ಬಂದವರು 30 ಸಾವಿರಕ್ಕೂ ಹೆಚ್ಚು. 2024ರಲ್ಲಿ 46 ಸಾವಿರ ದಾಟಿತು. ಅವರಲ್ಲಿ ಬೇರೆ ದೇಶದವರೂ ಇದ್ದರು, ಸೆನೆಗಲ್‌ನವರೂ ಇದ್ದರು. ಮುಳುಗಿದವರ ಲೆಕ್ಕ ಸರಿಯಾಗಿ ಯಾರ ಬಳಿಯೂ ಇಲ್ಲ. ಸೆನೆಗಲ್ ಎಂಬ ಹೆಸರು ‘ಸುನು ಗಾಲ್’, ಅಂದರೆ ‘ನಮ್ಮ ದೋಣಿ’ ಎಂಬುದರಿಂದ ಬಂತೆಂದು ಅಲ್ಲಿನ ಜನ ಹೇಳುತ್ತಾರೆ. ವಿದ್ವಾಂಸರು ಒಪ್ಪುವುದಿಲ್ಲ. ಆದರೆ ಜನ ಹೇಳುವುದನ್ನು ಬಿಟ್ಟಿಲ್ಲ.

ದಾಟಿ ಹೋದವರು ಮನೆಗೆ ಫೋನ್ ಮಾಡುತ್ತಾರೆ. ಕರೆಗೆ ದುಡ್ಡು ಓಡುತ್ತಿದ್ದ ಕಾಲದಲ್ಲೂ ಕುಶಲ ಪ್ರಶ್ನೆಯನ್ನು ಬಿಟ್ಟು ಮಾತು ಶುರುವಾಗುವಂತಿರಲಿಲ್ಲ. ‘ನಕ ವಾ ಕೆರ್ ಗ?’ ಎಂದು ಮಗ ಕೇಳುತ್ತಾನೆ, ದೂರದ ‘ಗ’ ಹಾಕಿ. ತಾಯಿ ‘ಞು ಙ್ಗಿ ಫಿ’, ಇಲ್ಲೇ ಇದ್ದಾರೆ ಎನ್ನುತ್ತಾಳೆ, ಹತ್ತಿರದ ‘ಫಿ’ ಹಾಕಿ.

ಬೀಳ್ಕೊಡುವಾಗ ಹೇಳುವ ಮಾತು ‘ಬ ಬೆನೇನ್ ಯೋನ್’. ಇನ್ನೊಂದು ಸಲದವರೆಗೆ ಎಂದರ್ಥ. ‘ಯೋನ್’ ಎಂದರೆ ಸಲ ಎಂದೂ ಹೌದು, ದಾರಿ ಎಂದೂ ಹೌದು. ಸೆನೆಗಲ್‌ನಲ್ಲಿ ಊಟಕ್ಕೂ ಕೈಕುಲುಕುವುದಕ್ಕೂ ಬಲಗೈ. ಎಡಗೈ ಚಾಚಿದರೆ ಅವಮಾನ. ಆದರೆ ದೂರ ಪ್ರಯಾಣ ಹೊರಟವರನ್ನು ಕಳಿಸುವಾಗ ಮಾತ್ರ ಬೇಕೆಂದೇ ಎಡಗೈ ಕೊಡುತ್ತಾರೆ. ಹೋದವನು ತಿರುಗಿ ಬಂದು ಬಲಗೈ ಕುಲುಕಿ ಆ ತಪ್ಪನ್ನು ಸರಿಪಡಿಸಬೇಕು.